ಕೊಂಡಿಯಿಲ್ಲದ ಚೇಳು

“ತೋಳು ಮೇಲಕ್ಕೆ ಮಡಚ್ಕೊಳಮ್ಮಿ, ಬಟ್ಟೆಯೆಲ್ಲ ನೆನೀತದೆ,” ಎಂದು ಚಿಕ್ಕತಾಯಮ್ಮ ತಂಬಿಗೆ ಮುಂದೆ ಹಿಡಿದರೆ, ರಂಜಿತ ಕುರ್ತಾದ ಎಡತೋಳನ್ನು ಮಡಚುವ ಬದಲು ಮಣಿಕಟ್ಟಿನ ತನಕ ಇನ್ನಷ್ಟು ಎಳೆದುಕೊಂಡಳು. ಬಲಗೈಯೊಂದರಲ್ಲೇ ತಂಬಿಗೆ ಹಿಡಿದು ಅಜ್ಜಿಯ ಪಾದಕ್ಕೆ ನೀರು ಹುಯ್ದಳು. ಚಿಕ್ಕತಾಯಮ್ಮನ ಹುಬ್ಬು ಗಂಟಾಯಿತು. ಸತ್ತವಳ ನಾದಿನಿ ಆಕೆ. ಸಾವಿನ ಮನೆಯ ಶಾಸ್ತ್ರದಲ್ಲಿ ಆಕೆಯ ಮಾತಿಗೆ ಎದುರಾಡುವವರು ಆ ಊರಲ್ಲಿ ಇನ್ನೂ ಹುಟ್ಟಿರಲಿಲ್ಲ.

ಅಂಗಳದಲ್ಲಿ ಹೆಂಗಸರು ಸುತ್ತ ಸೀರೆ ಹಿಡಿದು ಮರೆ ಮಾಡಿದ್ದರು. ಒಳಗೆ ಬೆಂಚಿನ ಮೇಲೆ ರಂಜಿತಳ ಅಜ್ಜಿ ಜಯಲಕ್ಷ್ಮಮ್ಮ. ಬೆಳಿಗ್ಗೆ ಹಸು ಕರೆದು, ಹಾಲನ್ನು ಡೈರಿಗೆ ಹಾಕಿ ಬಂದು, ಕೊಂಚ ಸುಧಾರಿಸಿಕೊಳ್ಳೋಣವೆಂದು ಜಗುಲಿಯ ಮೇಲೆ ಕೂತವಳು ಮತ್ತೆ ಏಳಲಿಲ್ಲ. ಯಾರ ಕೈಯಲ್ಲೂ ಒಂದು ಲೋಟ ನೀರು ಕೇಳದೆ ಹೋದಳಲ್ಲ, ಪುಣ್ಯವಂತೆ ಎಂದು ಬಂದವರೆಲ್ಲ ಹೇಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಗಂಡ ಜವರಯ್ಯನಿಗೆ ಮೈ ಉರಿಯುತ್ತಿತ್ತು. ಒಂದು ಲೋಟ ನೀರು ಕೊಡುವುದು ತನಗೇನು ಭಾರವಾಗಿತ್ತೇ?

ಅವನು ಮರೆಯ ಆಚೆ, ಅದೇ ಜಗುಲಿಯ ಮೇಲೆ ಕೂತಿದ್ದ. ಏಳುವುದು, ಸೀರೆಯ ಮರೆಯ ಕಡೆ ನೋಡುವುದು, ಮತ್ತೆ ಕೂರುವುದು. ಪಾಪ, ಮುದುಕನಿಗೆ ಜೀವ ನಿಲ್ಲುತ್ತಿಲ್ಲ ಎಂದು ಯಾರೋ ಕಾಫಿ ತಂದುಕೊಟ್ಟರು. ಅರಿಶಿನದ ಬಟ್ಟಲು ತರಲು ರಂಜಿತ ಹೊರಬಂದಾಗ ಅವನು ಮೊಮ್ಮಗಳ ದುಪಟ್ಟಾ ಹಿಡಿದು ನಿಲ್ಲಿಸಿದ.

“ಎಡಗೈ ಈಚೆಗೆ ಬರಂಗೆ ಮಡಗಿ ಅಂತ ಹೇಳಮ್ಮಿ,” ಎಂದ. ಆಮೇಲೆ ದನಿ ಇನ್ನಷ್ಟು ತಗ್ಗಿಸಿ, “ಚೇಳು ಒಂದ್ ದಪ ನೋಡ್ಬೇಕು ಕಣವ್ವ,” ಎಂದ.

ಅಷ್ಟು ಹೇಳುವುದಕ್ಕೇ ಅವನ ಮುಖ ಕೆಂಪಾಯಿತು. ನಮ್ಮ ಕಡೆಯ ಗಂಡಸರು ಹೀಗೇ. ಜೀವಮಾನವಿಡೀ ಒಂದೇ ಸೂರಿನಡಿ ಇದ್ದರೂ, ಹೆಂಡತಿಯ ಕೈ ನೋಡಬೇಕೆಂದು ನಾಲ್ಕು ಜನರೆದುರು ಬಾಯಿಬಿಡಲಾರರು.

*

ಜಯಲಕ್ಷ್ಮಿ ತೊಣ್ಣೂರಿನ ಹೆಣ್ಣು. ಮದುವೆ ಗೊತ್ತಾಗಿ, ಜವಳಿಯೂ ಬಂದ ಮೇಲೆ ಜವರಯ್ಯನ ತಾಯಿ ನೋಡಿದರೆ ಹುಡುಗಿಯ ಕೈ ಬರಿದು. ಹಚ್ಚೆಯಿಲ್ಲದ ಕೈಯಿಂದ ನೀರು ಈಸಿಕೊಳ್ಳುವ ಮನೆಯಲ್ಲ ನಮ್ಮದು ಎಂದುಬಿಟ್ಟರು. ಸರಿ, ಚಪ್ಪರ ಹಾಕುವ ಹೊತ್ತಿನಲ್ಲಿ ಅವಸರಕ್ಕೆ ಹಚ್ಚೆ ಹುಯ್ಯುವವಳನ್ನು ಹುಡುಕಿ ತಂದರು. ಅವಳು ಎಡಗೈಯಲ್ಲಿ, ಬಾಲ ಮಣಿಕಟ್ಟಿನ ಕಡೆ ಬರುವಂತೆ, ಒಂದು ಚೇಳು ಚುಚ್ಚಿದಳು. ಹರಳೆಣ್ಣೆಯನ್ನು ಕೋಳಿಪುಕ್ಕದಲ್ಲಿ ತೆಳ್ಳಗೆ ಸವರಿ, ಹಕ್ಕಳೆ ಕಟ್ಟುತ್ತದೆ, ಕಡಿಯುತ್ತದೆ, ಕೆರೆಯಬೇಡಿ, ಕೀಳಬೇಡಿ, ತಾನಾಗಿ ಉದುರಲಿ ಎಂದು ಹೇಳಿ ಹೋದಳು.

ಆದರೆ ಮುಹೂರ್ತ ಹಕ್ಕಳೆಗಾಗಿ ಕಾಯುತ್ತದೆಯೇ? ಮಣೆಯ ಮೇಲೆ ಕೂರಿಸಿ, ಅರಿಶಿನದ ಕೊಂಬು ಕಟ್ಟಿದ ಕಂಕಣವನ್ನು ಸರಿಯಾಗಿ ಚೇಳಿನ ಬಾಲದ ಮೇಲೇ ಬಿಗಿದರು. ಹುಡುಗಿ ಹಲ್ಲು ಕಚ್ಚಿಕೊಂಡು ಕೂತಳು. ಕಂಕಣ ಬಿಚ್ಚುವ ಶಾಸ್ತ್ರದ ಹೊತ್ತಿಗೆ ದಾರ ಹಕ್ಕಳೆಗೆ ಅಂಟಿಕೊಂಡುಬಿಟ್ಟಿತ್ತು. ಗಂಡು ಒಂದೇ ಕೈಯಲ್ಲಿ ಬಿಚ್ಚಬೇಕು. ಗಂಟು ಬಿಗಿ, ಸುತ್ತ ಅತ್ತಿಗೆ ನಾದಿನಿಯರ ಗೇಲಿ. ಬೆವತುಹೋದ ಜವರಯ್ಯ ಕಂಕಣವನ್ನು ಹಿಡಿದು ಒಂದೇ ಸಲ ಜಗ್ಗಿದ. ದಾರದ ಜೊತೆ ಹಕ್ಕಳೆಯೂ ಎದ್ದು ಬಂತು, ರಕ್ತ ಜಿನುಗಿತು.

ಹುಡುಗಿ ಅಳಲಿಲ್ಲ. ತಲೆಯೆತ್ತಿ ಅವನನ್ನೇ ನೋಡಿದಳು. “ಕೊಂಡಿ ಕಿತ್ಬುಟ್ರಲ್ಲ,” ಎಂದಳು. ಅದು ಅವಳು ಗಂಡನಿಗೆ ಆಡಿದ ಮೊದಲ ಮಾತು.

ಅವತ್ತಿನಿಂದ ದಿನಾ ಬೆಳಿಗ್ಗೆ, ತಾಯಿ ಏಳುವುದಕ್ಕೆ ಮೊದಲು, ಹಿತ್ತಿಲಿನ ಹುಲ್ಲುಮೆದೆಯ ಹಿಂದೆ ಜವರಯ್ಯ ಪುಕ್ಕ ಹಿಡಿದು ಹೆಂಡತಿಯ ಕೈಗೆ ಎಣ್ಣೆ ಸವರಿದ. ನೋಯುತ್ತದಾ ಎಂದು ಕೇಳುವನು, ಇಲ್ಲ ಎನ್ನುವಳು. ಊದುವನು, ನಗುವಳು. ಹಕ್ಕಳೆಯೆಲ್ಲ ಉದುರಿದ ಮೇಲೆ ಹಸಿರು ಚೇಳು ಮಿರಮಿರ ಮಿಂಚಿತು, ಬಾಲದ ತುದಿಯ ಕೊಂಡಿ ಮಾತ್ರ ಇರಲಿಲ್ಲ. ಅಲ್ಲಿಂದ ಅವಳಿಗೆ ಅವನಿಟ್ಟ ಹೆಸರೇ ಚೇಳು. ಕೊಂಡಿ ನಾನೇ ಕಿತ್ತಿವ್ನಿ, ಇನ್ನೇನು ಕುಟುಕೀಯೆ ಎಂದು ಅವನು ರೇಗಿಸಿದರೆ, ನನ್ ಕೊಂಡಿ ಕೈಯಲ್ಲಿಲ್ಲ, ಬಾಯಲ್ಲಿ ಅದೆ ಎಂದು ಅವಳು ತಿರುಗಿಸಿ ಕೊಡುವಳು.

*

ರಂಜಿತ ಒಳಗೆ ಹೋಗಿ ತಾತನ ಮಾತನ್ನು ಹೇಳಿ ನೋಡಿದಳು. ಮುತ್ತೈದೆಯ ಕೈ ಎದೆಯ ಮೇಲೆ ಜೋಡಿಸಿರಬೇಕು, ಅಲ್ಲಿ ಇಲ್ಲಿ ಚಾಚಿ ಮಲಗಿಸುವುದಕ್ಕೆ ಅವಳೇನು ನಿದ್ದೆ ಹೊಡೆಯುತ್ತಿದ್ದಾಳಾ ಎಂದು ಚಿಕ್ಕತಾಯಮ್ಮ ಸುಮ್ಮನಾಗಿಸಿದಳು. ಮುಖಕ್ಕೆ, ಪಾದಕ್ಕೆ, ಮೊಳಕೈ ತನಕ ಅರಿಶಿನವನ್ನು ದಪ್ಪಗೆ ಮೆತ್ತಿದರು.

ಬಳೆ ತೊಡಿಸಲು ಪಾಂಡವಪುರದಿಂದ ಖೈರುನ್ನೀಸಾ ಬಂದಿದ್ದಳು. ಹಬ್ಬ ಹುಣ್ಣಿಮೆಗೆ ಜಯಲಕ್ಷ್ಮಮ್ಮನಿಗೆ ಬಳೆ ಇಡುತ್ತಿದ್ದವಳು ಅವಳೇ. ಹಸಿರು ಗಾಜಿನ ಬಳೆಗಳನ್ನು ಕೈಯಲ್ಲಿ ಹಿಡಿದು ಅವಳು ತಡೆದಳು.

“ಜಯಕ್ಕ ಯಾವತ್ತೂ ಎಡಗೈಗೆ ಜಾಸ್ತಿ ಬೇಡ ಅಂತಿದ್ರು ಅಮ್ಮ. ಚೇಳಿಗೆ ಗಾಳಿ ಆಡ್ಲಿ ಅಂತಿದ್ರು,” ಎಂದಳು.

ಕೈ ತುಂಬ ತೊಡಿಸು, ಗಂಡ ಇರುವಾಗ ಹೋಗುತ್ತಿರುವವಳು ಎಂದಳು ಚಿಕ್ಕತಾಯಮ್ಮ. ಖೈರುನ್ನೀಸಾ ಸೆರಗಿನಿಂದ ಕಣ್ಣೊರೆಸಿಕೊಂಡು ಒಂದೊಂದೇ ಬಳೆ ಏರಿಸಿದಳು.

ಮರೆ ಸರಿಸಿ ಬಾಯಿಗಕ್ಕಿ ಹಾಕಲು ಕರೆದಾಗ ಜವರಯ್ಯ ಎದ್ದುಬಂದ. ಅಕ್ಕಿ ಹಾಕಿದ. ಹೂವಿನ ಹಾರ, ಅದರ ಕೆಳಗೆ ಬಳೆ, ಬಳೆಯ ಕೆಳಗೆ ಅರಿಶಿನ. ಅವನ ಬೆರಳು ಹಾರದ ಅಂಚನ್ನು ಕೊಂಚ ಎತ್ತಿ, ಬಳೆಗಳ ನಡುವೆ ಏನನ್ನೋ ತಡಕಿತು. ಅಷ್ಟರಲ್ಲಿ ಚಿಕ್ಕತಾಯಮ್ಮ ಹಿಂದಿನಿಂದ, “ಸರ್ಕೊ ಅಣ್ಣಯ್ಯ, ಒತ್ತಾಯ್ತದೆ, ಜನ ಕಾಯ್ತಾವ್ರೆ,” ಎಂದಳು. ಅವನು ಸರಿದುಕೊಂಡ. ತಮಟೆ ಶುರುವಾಯಿತು. ರಂಜಿತಳ ತಂದೆ ಮಂಜುನಾಥ ಮುಂದೆ ಮಡಕೆ ಹಿಡಿದು ನಡೆದ. ಹಿಂದೆ ನಡೆಯುತ್ತಿದ್ದ ಜವರಯ್ಯ ಬೆರಳಿಗೆ ಅಂಟಿದ ಅರಿಶಿನವನ್ನು ಪಂಚೆಗೆ ಒರೆಸಿಕೊಳ್ಳಲಿಲ್ಲ.

ರಂಜಿತ ತೋಳನ್ನು ಅದುಮಿ ಹಿಡಿದುಕೊಂಡಳು. ಅಲ್ಲಿ ಒಂದೇ ಸಮ ಕಡಿಯುತ್ತಿತ್ತು.

*

ರಂಜಿತಳಿಗೆ ಕೆ.ಆರ್.ಪೇಟೆಯಲ್ಲಿ ಕೆಲಸ, ದಿನಾ ಅಜ್ಜಿಯ ಮನೆಯಿಂದಲೇ ಹೋಗಿ ಬರುವಳು. ಹಿಂದಿನ ವಾರ ಮೈಸೂರಿಗೆ ಹೋದವಳು ಫೋನಿನಲ್ಲಿದ್ದ ಅಜ್ಜಿಯ ಕೈಯ ಫೋಟೊ ತೋರಿಸಿ, ಅದೇ ಚೇಳನ್ನು ತನ್ನ ಎಡಗೈಗೂ ಹಾಕಿಸಿಕೊಂಡು ಬಂದಿದ್ದಳು. ಬಾಲ ಅರ್ಧಕ್ಕೇ ನಿಂತಿದೆಯಲ್ಲ ಮೇಡಂ, ಪೂರ್ತಿ ಮಾಡಿಕೊಡುತ್ತೇನೆ ಎಂದು ಟ್ಯಾಟೂ ಹಾಕುವ ಹುಡುಗ ಹಟ ಹಿಡಿದಿದ್ದ. ಇವಳು ಒಪ್ಪಿರಲಿಲ್ಲ.

ಕೈಗೆ ಸುತ್ತಿದ್ದ ಪ್ಲಾಸ್ಟಿಕ್ ಹಾಳೆ ಕಂಡು ಅಜ್ಜಿ, ಇದೇನಮ್ಮಿ ಬೇಕರಿ ಬನ್ನು ಸುತ್ತಿದಂಗೆ ಸುತ್ತವ್ನೆ ಎಂದಳು. ಬಿಚ್ಚಿದವಳು ಕೈಯನ್ನು ಬೆಳಕಿಗೆ ಹಿಡಿದು ಬಾಲದ ತುದಿಯ ತನಕ ನೋಡಿದಳು.

“ಕೊಂಡಿ ಎಲ್ಲವ್ವ?” ಎಂದಳು ಆಮೇಲೆ.

“ನಿಂಗೇ ಇಲ್ವಲ್ಲ ಅಜ್ಜಿ, ನಂಗ್ಯಾಕೆ?”

ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಗುತ್ತಾ ನಗುತ್ತಾ ಕಣ್ಣು ತುಂಬಿಕೊಂಡಳು. ಅವತ್ತಿನಿಂದ ಆರೈಕೆ ಅವಳದೇ. ಕಾಯಿಸಿ ಆರಿಸಿದ ನೀರಿನಲ್ಲಿ ಮೆಲ್ಲಗೆ ತೊಳೆದು, ಹಳೆಯ ಸೀರೆಯ ಮೆತ್ತನೆ ತುಂಡಿನಲ್ಲಿ ಒತ್ತುವಳೇ ಹೊರತು ಉಜ್ಜುತ್ತಿರಲಿಲ್ಲ. ಟ್ಯೂಬಿನ ಮುಲಾಮು ಬೆಳಿಗ್ಗೆಗೆ, ಹರಳೆಣ್ಣೆ ಸಂಜೆಗೆ ಎಂದು ರಾಜಿಯಾಯಿತು. ಬಿಸಿಲಿಗೆ ಹೋಗಬೇಡ, ಕೆರೆಗೆ ಇಳಿಯಬೇಡ. ಕಡಿದಾಗ ಕೆರೆದುಕೊಳ್ಳಲು ಹೋದರೆ ಕೈಗೆ ಒಂದೇಟು.

ತಾತನಿಗೆ ತೋರಿಸುತ್ತೇನೆ ಎಂದು ರಂಜಿತ ಎದ್ದರೆ ಅಜ್ಜಿ ಬಿಡಲಿಲ್ಲ. “ಹಕ್ಕಳೆ ಇರಾವಾಗ ಬ್ಯಾಡ ಕಣಮ್ಮಿ, ಕಜ್ಜಿ ಅಂತಾನೆ. ಉದುರಿ ಹೊಳೀಲಿ. ಆಮ್ಯಾಕೆ ನಾನೇ ಇಬ್ರ ಕೈನೂ ಜೊತೇಲಿ ಇಟ್ಟು ತೋರಿಸ್ತೀನಿ,” ಎಂದಳು.

ನಿನ್ನೆ ಸಂಜೆಯೂ ಎಣ್ಣೆ ಸವರಿ, ಇನ್ನೇನು ಉದುರುತ್ತದೆ ಎಂದಿದ್ದಳು.

*

ಹೊಲದ ಬದುವಿನ ತೆಂಗಿನ ಮರದ ಹತ್ತಿರ ಮಣ್ಣು ಮಾಡಿ ಬಂದರು. ಅಜ್ಜಿ ಮಲಗಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ, ಒಬ್ಬೊಬ್ಬರೇ ತಲೆಗೆ ನೀರು ಹಾಕಿಕೊಂಡರು. ರಂಜಿತ ಎಡಗೈಗೆ ಬಟ್ಟೆ ಸುತ್ತಿ, ಬಚ್ಚಲ ಬಾಗಿಲಿನಿಂದ ಆಚೆಗೆ ಚಾಚಿಕೊಂಡೇ ಮಿಂದಳು. ಸೂತಕ ಕೈಯಲ್ಲೇ ಉಳಿಯುತ್ತದೆ ಎಂದು ಚಿಕ್ಕತಾಯಮ್ಮ ಹೊರಗಿನಿಂದ ಗೊಣಗಿದಳು. ಉಳಿದರೆ ಉಳಿಯಲಿ ಎಂದುಕೊಂಡಳು ಹುಡುಗಿ. ಅಜ್ಜಿ ಕಾಪಾಡಿದ್ದನ್ನು ಅಜ್ಜಿಯ ಹೆಸರಿನಲ್ಲೇ ಹಾಳುಮಾಡುವುದು ಅವಳಿಂದ ಆಗದ ಮಾತು.

ಬಂದವರು ಹೊರಡುತ್ತಿದ್ದರು. ಜವರಯ್ಯ ನಡುಮನೆಯಲ್ಲಿ ದೀಪದ ಮುಂದೆ ಗೋಡೆಗೊರಗಿ ಕೂತಿದ್ದ. ಮುಂದಿಟ್ಟ ಊಟ ಹಾಗೇ ಇತ್ತು. ರಂಜಿತ ಎದುರು ಕೂತಳು.

“ನೋಡಕಾಗ್ನಿಲ್ಲ ಕಣವ್ವ,” ಎಂದ ಅವನು. “ಎಲ್ಲ ಮುಚ್ಬುಟ್ಟಿದ್ರು.”

ಹಕ್ಕಳೆ ಇನ್ನೂ ಉದುರಿರಲಿಲ್ಲ. ಜೊತೆಯಲ್ಲಿ ಇಟ್ಟು ತೋರಿಸುತ್ತೇನೆ ಎಂದವಳು ಇರಲಿಲ್ಲ. ತಾತ ಬೈದಾನು, ಇಲ್ಲವೇ ಇರುವ ಸಂಕಟ ಇನ್ನೂ ಹೆಚ್ಚಾದೀತು ಎಂದು ಅವಳಿಗೆ ಭಯವಾಯಿತು. ಆದರೂ ತೋಳು ಮಡಚಿ, ಕೈಯನ್ನು ಅವನ ತೊಡೆಯ ಮೇಲೆ ಇಟ್ಟುಬಿಟ್ಟಳು.

ಜವರಯ್ಯ ಬಗ್ಗಿ ನೋಡಿದ. ಕಪ್ಪು ಹಕ್ಕಳೆ, ಅದರಡಿ ಚೇಳಿನ ಕಾಲುಗಳು, ಬೆನ್ನಿನ ಗೆಣ್ಣುಗಳು. ಬಾಲದ ತುದಿಗೆ ಬಂದಾಗ ಅವನ ಕಣ್ಣು ಅಲ್ಲೇ ನಿಂತಿತು. ಹುಡುಗಿ ಕೈ ಹಿಂದಕ್ಕೆ ತೆಗೆದುಕೊಳ್ಳಲು ಹೊರಟಳು.

ಅವನು ಬಿಡಲಿಲ್ಲ. “ಇದ್ಯಾಕೆ ಇಂಗೆ ಒಣಗ್ಬುಟ್ಟದೆ? ಎಣ್ಣೆ ಹಚ್ಚಿಲ್ವಾ?” ಎಂದು ಗದರಿದ.

“ಅಜ್ಜಿ ಹಚ್ತಿತ್ತು, ತಾತ. ದಿನಾ ಸಂಜೆ.”

“ಮಂಡಿನೋವ್ಗೆ ಹಚ್ಕೋತಾವಳೆ ಅನ್ಕಂಡಿದ್ದೆ ಕಣಮ್ಮಿ ನಾನು,” ಎಂದ ಜವರಯ್ಯ. ಗೋಡೆ ಹಿಡಿದು ತಾನೇ ಎದ್ದ. ಗೂಡಿನಲ್ಲಿ ಹರಳೆಣ್ಣೆಯ ಶೀಶೆ, ಅದರ ಬಾಯಲ್ಲಿ ಕೋಳಿಪುಕ್ಕ, ಅವಳು ನಿನ್ನೆ ಇಟ್ಟ ಹಾಗೇ ಇತ್ತು. ತಂದು ಕೂತ. ಪುಕ್ಕದ ತುದಿಯನ್ನು ಶೀಶೆಯ ಅಂಚಿಗೆ ಒತ್ತಿ ಹೆಚ್ಚಿನ ಎಣ್ಣೆ ಇಳಿಸಿದ. ಪುಕ್ಕ ಹಕ್ಕಳೆಯ ಮೇಲೆ ಒಂದಿಷ್ಟೂ ಭಾರ ಬಿಡಲಿಲ್ಲ.

“ನೋಯ್ತದಾ?” ಎಂದ.

“ಇಲ್ಲ,” ಎಂದಳು.

ಅವನು ಮೆಲ್ಲಗೆ ಊದಿದ. ಪುಕ್ಕ ಚೇಳಿನ ತಲೆಯಿಂದ ಬೆನ್ನಿಗೆ, ಬೆನ್ನಿನಿಂದ ಬಾಲಕ್ಕೆ ಇಳಿಯಿತು. ಬಾಲ ಮುಗಿದರೂ ನಿಲ್ಲದೆ ಬರಿಯ ಚರ್ಮದ ಮೇಲೆ ಇನ್ನೊಂದಿಷ್ಟು ಮುಂದೆ ಹೋಗಿ, ಮೇಲಕ್ಕೆ ಬಾಗಿ ನಿಂತಿತು. ಅವನು ಪುಕ್ಕ ಎತ್ತಿದಾಗ ದೀಪದ ಬೆಳಕಿನಲ್ಲಿ ಹುಡುಗಿಯ ಮಣಿಕಟ್ಟಿನ ಮೇಲೆ ಎಣ್ಣೆಯ ಕೊಂಡಿ ಹೊಳೆಯುತ್ತಿತ್ತು.