ಜೊಕುಡುವಿನ ಸ್ಟೂಲುಗಳು

ಆಗಷ್ಟೇ ಹುಟ್ಟಿದ ನಮ್ಮ ದೇಶದ ಗಡಿ ಎಲ್ಲಿ ಮುಗಿಯುತ್ತದೆ ಎಂಬುದು ಇನ್ನೂ ತೀರ್ಮಾನವಾಗಿರದ ಕಾಲದಲ್ಲಿ, ನೈಲ್ ದಂಡೆಯ ನಮ್ಮ ಸರ್ಕಾರಿ ವಿಶ್ವವಿದ್ಯಾಲಯವು ಅದಕ್ಕಿಂತ ಗಹನವಾದ ಪ್ರಶ್ನೆಯೊಂದನ್ನು ಕೈಗೆತ್ತಿಕೊಂಡಿತು: ಅಂಗಳದ ಬೇವಿನ ಮರದಡಿ ಚಹಾ ಕಾಯಿಸಬಹುದೇ, ಕೂಡದೇ? ಡೀನ್ ಕೆನ್ಯಿಯವರ ಅಧ್ಯಕ್ಷತೆಯಲ್ಲಿ ಸಮಿತಿ ಎರಡು ಸಲ ಸೇರಿತು. ಎರಡು ಸಲವೂ ಸಭೆಗೆ ಚಹಾ ಹೋದದ್ದು ಅದೇ ಮರದಡಿಯಿಂದ. ಹೊತ್ತವನು ನಾನು, ಕಸ ಗುಡಿಸುವ ಪಿಟಿಯಾ.

ಕೂಡದು ಎಂದಾಯಿತು.

ಆ ಮರದಡಿ ಚಹಾ ಮಾರುವ ಜೊಕುಡು ಗಂಡನನ್ನು ಯುದ್ಧಕ್ಕೆ ಕೊಟ್ಟವಳು. ಮನೆಯಲ್ಲಿದ್ದ ಮಕ್ಕಳ ಹೊಟ್ಟೆಯೆಲ್ಲ ಆ ಇದ್ದಿಲ ಒಲೆಯ ಮೇಲೇ ನಿಂತಿತ್ತು. ಅವಳು ಶುಂಠಿ ಕುಟ್ಟುತ್ತಿದ್ದಾಗ ಎದುರಿಗೆ ಡೀನರ ಬೂಟು ಬಂದು ನಿಂತಿತು.

"ಏಯ್, ಇದು ವಿಶ್ವವಿದ್ಯಾಲಯ ಕಣೇ, ನಿಮ್ಮಪ್ಪನ ಸಂತೆಯಲ್ಲ! ಮಂತ್ರಿಗಳು ಪಾಠ ನೋಡೋಕೆ ಬರ್ತಿದಾರೆ. ಎತ್ತು ಈ ದರಿದ್ರಾನೆಲ್ಲ!"

"ಕಾಯ್ತಾ ಐತೆ ಬುದ್ದಿ, ಇದೊಂದ್ ಕೆಟಲ್ ಇಳಿಸ್ಕಂಡು..."

ಡೀನರು ಒಲೆಯನ್ನು ಒದ್ದರು. ಕೆಂಡ ಅವಳ ಪಾದದ ಮೇಲೆ ಬಿತ್ತು.

"ಬೊಗಳಬೇಡ. ನಿಂದು ಅಂತ ಒಂದು ಕಡ್ಡಿನೂ ಗೇಟಿನೊಳಗೆ ಕಾಣಬಾರದು!"

ಹೊಸ ದೇಶಕ್ಕೆ ಬಾವುಟ ಬಂದಿತ್ತು, ರಾಷ್ಟ್ರಗೀತೆ ಬಂದಿತ್ತು. ತರಗತಿಗೆ ಕುರ್ಚಿ ಬಂದಿರಲಿಲ್ಲ. ಹಾಗಾಗಿ ನಮ್ಮಲ್ಲೊಂದು ಪದ್ಧತಿ ಬೆಳೆದಿತ್ತು. ಜೊಕುಡುವಿನ ಹತ್ತಿರ ಒಂದು ಲೋಟ ಚಹಾ ಕುಡಿದವರು ಅವಳ ಹಗ್ಗ ಹೆಣೆದ ಕುಳ್ಳು ಸ್ಟೂಲೊಂದನ್ನು ತರಗತಿಗೆ ಒಯ್ಯಬಹುದು. ಪಾಠ ಮುಗಿದ ಮೇಲೆ ತಂದಿಡಬೇಕು. ಕುಡಿಯದವರು ನಿಂತು ವಿದ್ಯಾವಂತರಾಗಬೇಕು. ಡೀನರಿಗೆ ಇದು ಗೊತ್ತಿರಲಿಲ್ಲ. ಅವರು ತರಗತಿಯೊಳಗೆ ಕಾಲಿಟ್ಟು ಬಹಳ ಕಾಲವಾಗಿತ್ತು.

ಜೊಕುಡು ಕುಂಟುತ್ತಾ ರಾಜ್ಯಶಾಸ್ತ್ರದ ತರಗತಿಗೆ ನುಗ್ಗಿದಳು. ಪೊರಕೆ ಹಿಡಿದು ನಾನೂ ಹಿಂದೆ ಹೋದೆ.

"ಏಳ್ರಪ್ಪ ಮಕ್ಳಾ. ನಂದು ಅಂತ ಒಂದ್ ಕಡ್ಡೀನೂ ಒಳಗಿರಬಾರ್ದಂತೆ. ಡೀನಪ್ಪ ಅಪ್ಪಣೆ ಕೊಡಿಸವ್ನೆ."

"ಅವ್ವಾ, ಕಾಲಿಗೇನಾಯ್ತು?" ಮುಂದೆ ಕೂತಿದ್ದ ಅಜಕ್ ಎಂಬ ಹುಡುಗಿ ಕೇಳಿದಳು.

"ಆ ಬೋಳಿಮಗನ ಬೂಟ್ನ ಕೇಳು."

ಅಜಕ್ ಎದ್ದಳು. ಸ್ಟೂಲನ್ನು ತಲೆಯ ಮೇಲಿಟ್ಟುಕೊಂಡಳು. ಉಳಿದವರು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರೂ ತಾವು ಕೂತಿದ್ದ ಸ್ಟೂಲು ಎತ್ತಿಕೊಂಡರು.

ಮಂತ್ರಿಗಳ ಕಾರು ಒಳಗೆ ಬರುವಾಗ ಇಡೀ ರಾಜ್ಯಶಾಸ್ತ್ರ ವಿಭಾಗ ತಲೆಯ ಮೇಲೆ ಸ್ಟೂಲು ಹೊತ್ತು ಹೊರಗೆ ಹೋಗುತ್ತಿತ್ತು. ಸ್ವಾಗತದ ಮೆರವಣಿಗೆ ಇರಬೇಕೆಂದು ಮಂತ್ರಿಗಳು ಕೈ ಬೀಸಿದರು. ಡೀನರು ಮಾತ್ರ ಟೈ ಹೆಗಲಿಗೆ ಹಾರಿಸಿಕೊಂಡು ಓಡಿಬಂದರು.

"ಜೊಕುಡೂ! ಅವ್ವಾ! ನಿನ್ನ ಕಾಲಿಗೆ ಬೀಳ್ತೀನಿ, ಇವತ್ತೊಂದಿನ ಸ್ಟೂಲ್ ಬಿಟ್ಟೋಗೇ!"

"ಯಾವ ಕಾಲ್ಗೆ ಬುದ್ದಿ? ಸುಟ್ಟಿದ್ದಕ್ಕೋ, ನೆಟ್ಟಗಿರೋದಕ್ಕೋ?"

ಹುಡುಗರು ಸಿಳ್ಳೆ ಹಾಕಿದರು. ಅವಳು ತಿರುಗಿ ನೋಡಲಿಲ್ಲ.

ಮಂತ್ರಿಗಳು ಖಾಲಿ ಕೋಣೆ ನೋಡಿ, ಗಾಳಿ ಬೆಳಕು ಚೆನ್ನಾಗಿದೆ ಎಂದು ಹೇಳಿ ಹೋದರು. ಅವಳ ಹಿಂದೆ ಹೋದದ್ದಕ್ಕೆ ನನ್ನ ಕೆಲಸ ಹೋಯಿತು. ಜೊಕುಡುವಿಗೆ ಇಂದಿಗೂ ಒಳಗೆ ಪ್ರವೇಶವಿಲ್ಲ. ರಾಜ್ಯಶಾಸ್ತ್ರದ ಪಾಠ ಗೇಟಿನ ಹೊರಗೆ ನಡೆಯುತ್ತದೆ.