ಠಾಣೆಗೆ ಹೋದ ಊಟದ ಡಬ್ಬಿ

ಮೂರು ದಿನದಿಂದ ಶೇವಂತಾ ಠಾಣೆಗೆ ಊಟದ ಡಬ್ಬಿ ಒಯ್ಯುತ್ತಿದ್ದಳು. ಪವರ್‌ಲೂಮಿನಲ್ಲಿ ನೂಲು ಕಳವಾಗಿದೆಯೆಂದು ಮಗ ಸಮಾಧಾನನನ್ನು ಸೋಮವಾರ ಬೆಳಿಗ್ಗೆ ಪೊಲೀಸರು ಮಗ್ಗದ ಮುಂದಿನಿಂದಲೇ ಎಬ್ಬಿಸಿಕೊಂಡು ಹೋಗಿದ್ದರು. "ಅರೆಸ್ಟ್ ಅಲ್ಲಬೇ, ಬರೇ ಚೌಕಶಿ, ವಿಚಾರಣಿ ಅಷ್ಟ" ಎಂದು ಠಾಣೆಯ ಬಾಗಿಲಲ್ಲಿದ್ದವನು ದಿನವೂ ಹೇಳುತ್ತಿದ್ದ. ಠಾಣೆಯ ಕಾಗದದ ಪ್ರಕಾರ ಸಮಾಧಾನ ಅಲ್ಲಿರಲೇ ಇಲ್ಲ. ಡಬ್ಬಿ ಮಾತ್ರ ತುಂಬಿಕೊಂಡು ಒಳಗೆ ಹೋಗಿ ಖಾಲಿಯಾಗಿ ಹೊರಗೆ ಬರುತ್ತಿತ್ತು.

ಬುಧವಾರ ನಳದ ಹತ್ತಿರ ಡಬ್ಬಿ ತೊಳೆಯುತ್ತಿದ್ದಾಗ ಪಕ್ಕದ ಮನೆಯ ಸೊಸೆ ನೀಲಮ ಬಂದಳು. ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ಸ್ವಯಂಸೇವಕಿಯಾಗಿ ತರಬೇತಿ ಪಡೆದವಳು.

"ಮಾವಶಿ, ಸಮಾಧಾನನ್ನ ನೋಡಿದ್ರೇನು?"

"ನೋಡಾಕ ಬಿಡೂದಿಲ್ಲ. ಉಣ್ಣಾಕತ್ತಾನಲ್ಲ, ಅಷ್ಟ ಸಾಕು."

"ಅವನೇ ಉಂಡಾನಂತ ಯಾರ ಹೇಳ್ಯಾರ್ರಿ?"

ಶೇವಂತಾಳ ಕೈ ನಿಂತಿತು. ಸಮಾಧಾನ ಚಿಕ್ಕಂದಿನಿಂದಲೂ ರೊಟ್ಟಿಯ ಅಂಚು ಬಿಟ್ಟು ಉಣ್ಣುವವ. ಅದಕ್ಕೆ ಬೈಸಿಕೊಂಡದ್ದಕ್ಕೆ ಮಿತಿಯಿಲ್ಲ. ಮೂರು ದಿನದಲ್ಲಿ ಡಬ್ಬಿಯೊಳಗೆ ಒಂದು ಅಂಚೂ ವಾಪಸು ಬಂದಿರಲಿಲ್ಲ.

"ನಡೀರಿ, ಕೋರ್ಟಿನ್ಯಾಗ ವಕೀಲರನ್ನ ಕಾಣೂಣು" ಎಂದಳು ನೀಲಮ.

"ಭಾವುಸಾಹೇಬ್ರು ಮಾತಾಡ್ತೀನಿ ಅಂದಾರ" ಎಂದ ಗಂಡ ದುರಗಪ್ಪ ಕಟ್ಟೆಯಿಂದ. "ವಕೀಲರ ಹೆಸರ ತಗದ್ರ ಪೊಲೀಸರು ಸಿಟ್ಟಾಗ್ತಾರ." ಭಾವುಸಾಹೇಬರೆಂದರೆ ಮಗ್ಗದ ಮಾಲೀಕರು. ಕಳವಿನ ದೂರು ಕೊಟ್ಟವರೂ ಅವರೇ. ಆದರೂ ಆ ಓಣಿಯಲ್ಲಿ ಎಲ್ಲ ಕಷ್ಟಕ್ಕೂ ಮೊದಲು ಮಾಲೀಕರ ಬಾಗಿಲಿಗೆ ಹೋಗುವುದೇ ರೂಢಿ.

"ಕಾಕಾ, ಹಿಡದ ಒಯ್ದ ಮ್ಯಾಲ ಇಪ್ಪತ್ನಾಕ ತಾಸಿನ್ಯಾಗ ಜಜ್ ಮುಂದ ನಿಲ್ಲಿಸಬೇಕು. ಯಾಕ ಹಿಡದೀವಿ ಅಂತ ಮನಿಯವರಿಗೆ ತಿಳಿಸಬೇಕು. ಚೌಕಶಿ ಅಂತ ಹೆಸರಿಟ್ರ ತಾಸು ನಿಲ್ಲೂದಿಲ್ಲ."

"ವಕೀಲರಿಗೆ ಕೊಡಾಕ ಏನೈತಿ ನಮ್ಮ ಕಡೆ?" ಎಂದ ದುರಗಪ್ಪ.

"ಏನೂ ಕೊಡೂದಿಲ್ಲ. ಠಾಣೇದಾಗ ಇಟ್ಟವರಿಗೆ, ಹೆಣ್ಮಕ್ಕಳಿಗೆ, ದಲಿತರಿಗೆ ಸಮಿತಿಯವರ ವಕೀಲರನ್ನ ಕೊಡ್ತಾರ. ಫುಕಟ್."

"ಫುಕಟ್ ವಕೀಲ ಎಷ್ಟ ಬಾಳಿಕಿ ಬರ್ತಾನ ನೋಡೂಣು" ಎಂದು ದುರಗಪ್ಪ ನಕ್ಕ. ಶೇವಂತಾ ಸೆರಗಿಗೆ ಕೈ ಒರೆಸಿಕೊಂಡಳು.

"ನಡಿ ಬೇ, ಹೋಗೂಣು."

ನಿಪ್ಪಾಣಿ ಕೋರ್ಟಿನಲ್ಲಿ ಸಮಿತಿಯ ವಕೀಲೆ ಸೋಮವಾರದಿಂದ ನಡೆದದ್ದನ್ನೆಲ್ಲ ಬರೆದುಕೊಂಡು ಅರ್ಜಿ ಹಾಕಿದರು. ಸಂಜೆಯೊಳಗೆ ಪೊಲೀಸರು ಸಮಾಧಾನನನ್ನು ನ್ಯಾಯಾಧೀಶರ ಮುಂದೆ ತಂದರು. ಅವರ ಕಾಗದದಲ್ಲಿ ಅವನನ್ನು ಹಿಡಿದದ್ದು ಅಂದೇ ಬೆಳಿಗ್ಗೆ. ನ್ಯಾಯಾಧೀಶರು ತಾಯಿಯ ಮಾತು ಕೇಳಿ, ಹುಡುಗನ ಮುಖ ನೋಡಿ, ಮೊದಲು ದವಾಖಾನೆಗೆ ಕಳಿಸಿದರು. ಹೊಡೆತಕ್ಕೆ ಎಡಗಿವಿಯ ತಮಟೆ ಹರಿದಿದೆ ಎಂದು ಡಾಕ್ಟರು ಬರೆದರು. ಆಮೇಲೆ ಜಾಮೀನು ಸಿಕ್ಕಿತು.

ಈಗ ಮನೆಯಲ್ಲಿ ಎಲ್ಲರೂ ಅವನ ಬಲಕ್ಕೆ ಕೂತು ಮಾತಾಡುತ್ತಾರೆ. "ಸೋಮವಾರಾನ ಹೋಗಿದ್ರ ಕಿವಿ ಉಳಿತಿತ್ತೇನವಾ?" ಎಂದು ದುರಗಪ್ಪ ಒಮ್ಮೆ ಕೇಳಿದ.

"ಗೊತ್ತಿಲ್ರಿ ಕಾಕಾ" ಎಂದಳು ನೀಲಮ.

ಮರುದಿನ ದುರಗಪ್ಪ ಬಾಗಿಲ ಪಕ್ಕದ ಗೋಡೆಗೆ ಇದ್ದಿಲಿನಿಂದ ದೊಡ್ಡದಾಗಿ ಬರೆದ: 15100.

ಓದುಗರೇ, ಅದು ಉಚಿತ ಕಾನೂನು ನೆರವಿನ ನಂಬರು. ನಿಮ್ಮವರನ್ನು ಯಾರಾದರೂ ಠಾಣೆಗೆ ಒಯ್ದರೆ ಆ ಹೊತ್ತನ್ನು ಬರೆದಿಟ್ಟುಕೊಳ್ಳಿ. ಯಾಕೆ, ಎಲ್ಲಿಗೆ ಎಂದು ಕೇಳಿ. ಅದೇ ದಿನ ಫೋನು ಮಾಡಿ, ಇಲ್ಲವೇ ಹತ್ತಿರದ ಕೋರ್ಟಿನ ಸಮಿತಿಗೆ ಹೋಗಿ. ಕೇಳಿದರೆ ಸಿಟ್ಟಾಗುತ್ತಾರೆ ಎಂಬುದು ನಿಜವಿರಬಹುದು. ಆಗಲಿ. ಕೇಳದೆ ಇದ್ದ ಮೂರು ದಿನವೂ ಅವರೇನೂ ಶಾಂತವಾಗಿರಲಿಲ್ಲ.