ತುಕ್ಕಿಗೆ ಎಷ್ಟು ಅಂಕ

ಹೊದಿಕೆಯ ಎರಡು ತುದಿ ನನ್ನ ಕೈಯಲ್ಲಿ, ಇನ್ನೆರಡು ಮೊಮ್ಮಗಳ ಕೈಯಲ್ಲಿ. ಎಳೆದು ಮಡಿಸುವ ಹೊತ್ತಿಗೆ ಸರಿಯಾಗಿ ಅವಳು ತನ್ನ ತುದಿ ಬಿಟ್ಟು ಕಂಪ್ಯೂಟರಿನತ್ತ ಓಡಿದಳು. ಒಗೆದ ಬಟ್ಟೆ ಮತ್ತೆ ನೆಲಕ್ಕೆ.

"ಏನಾಯ್ತೇ?"

"ಪಾಲಿಮರ್‌ಗೆ ಒಂದು ಅಂಕ ಜಾಸ್ತಿ ಕೊಟ್ಬಿಟ್ಟಿದ್ದೆ ಅಜ್ಜಿ."

ಹುಡುಗಿ ಎಂ.ಟೆಕ್‌ನಲ್ಲಿ ಮೆಟೀರಿಯಲ್ಸ್ ಎಂಜಿನಿಯರಿಂಗ್ ಓದುತ್ತಾಳೆ. ಅದರೊಳಗೆ ಮತ್ತೊಂದು ಕವಲು ಆರಿಸಿಕೊಳ್ಳಬೇಕಂತೆ: ಪ್ಲಾಸ್ಟಿಕ್ಕಿನ ಜಾತಿಯ ಪಾಲಿಮರೋ, ಸಿಮೆಂಟೋ, ಫೋನಿಗೆ ಹಾಕುವ ಚಿಪ್ಪೋ, ತುಕ್ಕೋ. ವಿಭಾಗಕ್ಕೆ ಪತ್ರ ಬರೆದಿಟ್ಟು ತಿಂಗಳಾಯಿತು. ಕವಲಿನ ಹೆಸರಿನ ಜಾಗ ಮಾತ್ರ ಖಾಲಿ. ಇವತ್ತು ಸಂಜೆಯೊಳಗೆ ಕಳಿಸದಿದ್ದರೆ, ಯಾರೂ ಸೇರದ ಸಿಮೆಂಟು ಮೇಷ್ಟರ ಕೈಗೆ ಇವಳನ್ನು ಒಪ್ಪಿಸಿಬಿಡುತ್ತಾರೆ.

ಸೇತುವೆಗೆ ಯಾವ ಲೋಹವೆಂದು ಆರಿಸಲು ಇವರು ಕೋಷ್ಟಕ ಹಾಕುತ್ತಾರೆ. ಬಲಕ್ಕೆ ಇಷ್ಟು ಅಂಕ, ಬೆಲೆಗೆ ಇಷ್ಟು. ನಮ್ಮ ಜಾಣೆ ತನ್ನ ಬದುಕನ್ನೂ ಅದರಲ್ಲೇ ತುರುಕಿದ್ದಳು: ಸಂಬಳಕ್ಕೆ ಇಷ್ಟು, ಮೇಷ್ಟರ ಸಿಡುಕಿಗೆ ಇಷ್ಟು, ಸೋದರಮಾವನ ಸಮಾಧಾನಕ್ಕೆ ಇಷ್ಟು. ತುಕ್ಕು ಕೆಳಗಿಳಿದರೆ ಅಂಕ ತಿದ್ದುವುದು. ಮೇಲೆ ಬಂದರೆ, ಇದು ಮೋಸವಾಯಿತೆಂದು ಮತ್ತೆ ತಿದ್ದುವುದು.

ಆ ಸೋದರಮಾವ, ಅಂದರೆ ನನ್ನ ಮಗ, ವಿಮಾ ಕಂಪನಿಯ ಅಧಿಕಾರಿ, ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದ. ಜಗತ್ತಿನಲ್ಲಿ ಅವನಿಗೆ ಬರದ ವಿದ್ಯೆ ಒಂದೇ, ಸುಮ್ಮನಿರುವುದು.

"ತುಕ್ಕು ಹಿಡಿಯೋಕೆ ಎಂ.ಟೆಕ್ ಬೇಕೇನೇ? ನಮ್ಮ ಗೇಟು ಯಾವ ಕಾಲೇಜಿಗೂ ಹೋಗ್ದೆ ತುಕ್ಕು ಹಿಡಿದು ಕೂತಿದೆ."

"ಹಿಡಿಯೋದಲ್ಲ ಮಾವ, ತಡೆಯೋದು."

"ನಾಳೆ ಗಂಡಿನ ಕಡೆಯೋರು ಕೇಳಿದ್ರೆ ಏನನ್ನಲಿ? ಹುಡುಗಿ ಉಪ್ಪುನೀರಲ್ಲಿ ಮೊಳೆ ಅದ್ದಿಟ್ಟು ಕಾಯ್ತಾಳೆ ಅಂತಲಾ? ಚಿಪ್ ತಗೋ. ಹೇಳೋಕೂ ಚೆಂದ."

"ಚಿಪ್ ಅಂದ್ರೆ ಏನು ಮಾವ?"

"ಅದೇ... ಫೋನಲ್ಲಿರತ್ತಲ್ಲ, ಅದು."

"ಹಾಗಾದ್ರೆ ನೀವೇ ಅಂಕ ಹಾಕಿ."

ಹಾಕಿದ. ಯಜಮಾನಿಕೆ ಸಿಕ್ಕರೆ ಬಿಡುವ ಪೈಕಿಯೇ ಅವನು? ಚಿಪ್ ಗೆದ್ದಿತು, ತುಕ್ಕು ಸಿಮೆಂಟಿಗಿಂತ ಕೆಳಗೆ ಬಿತ್ತು. ಮಗ ಮೀಸೆ ತಿರುವಿದ. ಹುಡುಗಿ ಪರದೆಯನ್ನೇ ನೋಡುತ್ತ ಕೂತಳು, ಕಣ್ಣು ತುಂಬಿಕೊಂಡಿತು.

"ಬಂದ ಉತ್ತರಕ್ಕೆ ಅಳೋದಾದ್ರೆ ಲೆಕ್ಕ ಯಾಕೆ ಹಾಕಿದ್ಯೇ?" ಎಂದೆ.

"ಲೆಕ್ಕ ಸರಿಯಾಗೇ ಇದೆ ಅಜ್ಜಿ," ಎಂದಳು ಮೂಗೊರೆಸಿಕೊಂಡು. "ನನಗೆ ಅದು ಬೇಡ."

"ಬೇಡ ಅಂದ್ರೆ? ಅಂಕ ಬಂದಿದೆಯಲ್ಲೇ!" ಮಗ ಎದ್ದುನಿಂತ.

ಅವಳು ಕೋಷ್ಟಕ ಮುಚ್ಚಿ ಪತ್ರ ತೆರೆದಳು. ಖಾಲಿ ಜಾಗದಲ್ಲಿ ತುಕ್ಕಿನ ಹೆಸರು ತುಂಬಿದಳು.

"ತಡಿ ತಡಿ, ಒಂದ್ಸಲ ನಾನು ಓದಿ ಭಾಷೆ ಸರಿ ಮಾಡ್ತೀನಿ," ಎಂದು ಮಗ ಕನ್ನಡಕಕ್ಕಾಗಿ ಸೋಫಾದ ಸಂದಿಯೆಲ್ಲ ತಡಕಾಡಿದ. ಕನ್ನಡಕ ಸಿಗುವಷ್ಟರಲ್ಲಿ ಪತ್ರ ಹೋಗಿಯಾಗಿತ್ತು.